ಗೋಣಿಯ ಮೊದಲ ಮೂರು ಹೊಲಿಗೆ

ಮಾಲು ತುಂಬಿ ಕಳಿಸುವ ಕೆಲಸದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆದ ದಿನ ಎದೆ ಹೊಡೆದುಕೊಳ್ಳುತ್ತದೆ; ನಗು ಬರುವುದು ಮಾಲು ಹೋಗಿ ಮುಟ್ಟಿದ ಮೇಲೆ.

ನಾನು ಕಳಸದ ಒಂದು ಮೆಣಸಿನ ಗೋಡೌನಿನಲ್ಲಿ ಲೆಕ್ಕ ಬರೆಯುವ ರೈಟರು. ಓದಿದ್ದು ಊರಿನ ಶಾಲೆಯಲ್ಲಿ ಏಳನೆಯವರೆಗೆ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಗಂಧ ಇಟ್ಟುಕೊಂಡು ಬಂದು ಬೀಗ ತೆಗೆಯುತ್ತೇನೆ. ಸುತ್ತಲಿನ ಸಣ್ಣ ಬೆಳೆಗಾರರು ಕಾಳುಮೆಣಸು ತಂದು ಹಾಕುತ್ತಾರೆ. ಐದು ಜನ ಹೆಂಗಸರು ಅದನ್ನು ಹಸನು ಮಾಡಿ ಗೋಣಿಗೆ ತುಂಬುತ್ತಾರೆ. ಬಾಯಿ ಹೊಲಿಯುವ ಕೆಲಸ ಕಳೆದ ವರ್ಷದವರೆಗೂ ಅವರಲ್ಲಿ ಒಬ್ಬರದೇ, ನಾವು ಹೊಲಿಗೆಯಕ್ಕ ಎನ್ನುವವರದು. ನಾನು ಅದನ್ನು ಲಾರಿಗೆ ಹತ್ತಿಸಿ ಮಂಗಳೂರಿನ ವ್ಯಾಪಾರಿಗೆ ಕಳಿಸುತ್ತೇನೆ.

ಕೆಲವು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಂದು ಗೋಡೌನಿನಿಂದ ಹೊರಟ ಲಾರಿ ಮುಟ್ಟಬೇಕಾದಲ್ಲಿಗೆ ಮುಟ್ಟಲೇ ಇಲ್ಲ. ಕಾಗದವೆಲ್ಲ ಸರಿಯಾಗಿಯೇ ಇದ್ದವಂತೆ. ಲಾರಿಯ ನಂಬರು ವಿಚಾರಿಸಿದರೆ ಯಾರದೋ ಸ್ಕೂಟರಿನದು. ಸುದ್ದಿ ಕೇಳಿದ ದಿನ ನಮ್ಮ ಯಜಮಾನರು ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು:

"ರೈಟರ್ರೇ, ಈ ಮೆಣಸು ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಊರಿನವರದ್ದು. ಒಂದು ಲೋಡು ಹೀಗೆ ಹೋದರೆ ನಾಳೆ ಯಾರೂ ನಮ್ಮ ಬಾಗಿಲಿಗೆ ಬರೋದಿಲ್ಲ. ನಾನು ಬೀಗ ಹಾಕ್ತೇನೆ, ನೀವೂ ಆ ಐದು ಜನವೂ ಮನೆಗೆ."

ಅವತ್ತಿನಿಂದ ಇವತ್ತಿನವರೆಗೆ ನಮ್ಮ ಒಂದು ಮೂಟೆಯೂ ಕಳೆದಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ. ಒಮ್ಮೆ ಮಾತ್ರ ಒಂಬತ್ತು ಮೂಟೆ ದಾರಿ ತಪ್ಪಿದ್ದವು, ಅವೂ ವಾಪಸು ಬಂದವು. ಆ ಕಥೆ ಕೊನೆಗೆ ಹೇಳುತ್ತೇನೆ.

ಕಟ್ಟೆಯ ಮೇಲಿನ ಮಂಗಳೂರು

ನಮ್ಮ ಗೋಡೌನಿನಲ್ಲಿ ಫೋನಿಗೆ ಸಿಗ್ನಲ್ ಬರುವುದು ಒಂದೇ ಕಡೆ, ತಕ್ಕಡಿ ಇಟ್ಟ ಕಟ್ಟೆಯ ಹತ್ತಿರ. ಕಟ್ಟೆಯ ಮೂಲೆಗೆ ಒಂದು ಗೋಡೆ. ಗೋಡೆಯ ಈಚೆ ನಿಂತರೂ ಬರುತ್ತದೆ, ಆಚೆ ನಿಂತರೂ ಬರುತ್ತದೆ. ಎರಡು ಹೆಜ್ಜೆ ಸರಿದರೆ ಇಲ್ಲ.

ಒಂದು ದಿನ ಗೊತ್ತಿಲ್ಲದ ಲಾರಿ ಬಂತು. ಡ್ರೈವರು ನಯವಾಗಿ ಹೇಳಿದ, "ನಿಮ್ಮ ಮಾಮೂಲಿ ಲಾರಿ ಕೆಟ್ಟಿದೆ ಸ್ವಾಮಿ, ಮಂಗಳೂರಿನ ಲಾರಿ ಆಫೀಸಿನವರು ನನ್ನನ್ನ ಕಳಿಸಿದ್ದಾರೆ. ಬೇಕಾದರೆ ಅವರನ್ನೇ ಕೇಳಿ." ಹೇಳಿ ಒಂದು ಚೀಟಿಯಲ್ಲಿ ನಂಬರು ಕೊಟ್ಟ. ಅವನ ಜೊತೆಗೆ ಬಂದಿದ್ದ ದಪ್ಪ ಮೀಸೆಯವನು ಕೈಕಾಲು ತೊಳೆದು ಬರುತ್ತೇನೆಂದು ಆಚೆ ಹೋದ.

ನಾನು ಕಟ್ಟೆಗೆ ಹೋಗಿ ಆ ನಂಬರಿಗೆ ಮಾಡಿದೆ.

"ಹಲೋ, ಮಂಗಳೂರು ಆಫೀಸು," ಎಂದಿತು ಗಂಭೀರವಾದ ದನಿ. "ಹೌದು ಸ್ವಾಮಿ, ನಮ್ಮದೇ ಲಾರಿ."

"ಡ್ರೈವರು ಹೇಗೆ?"

"ಅಯ್ಯೋ, ಹಸುವಿನಂಥ ಮನುಷ್ಯ. ಕಣ್ಣು ಮುಚ್ಚಿ ತುಂಬಿಸಿ."

ಅಷ್ಟರಲ್ಲಿ ಒಳಗಿನಿಂದ ನಮ್ಮ ಹೊಲಿಗೆಯಕ್ಕ ಕೂಗಿದರು, "ರೈಟರ್ರೇ, ದಬ್ಬಣ ಎಲ್ಲಿಟ್ರಿ?" ಗೋಣಿ ಹೊಲಿಯುವ ಆ ದೊಡ್ಡ ಸೂಜಿ ದಿನಕ್ಕೆ ನಾಲ್ಕು ಸಲ ಕಳೆಯುತ್ತದೆ. ಆ ಕೂಗು ನನ್ನ ಎಡಕಿವಿಗೆ ನೇರವಾಗಿ ಕೇಳಿಸಿತು. ಬಲಕಿವಿಗೆ ಮಂಗಳೂರು ಆಫೀಸಿನಿಂದ ಕೇಳಿಸಿತು.

ನಾನು ನಿಧಾನವಾಗಿಯೇ ಹೇಳಿದೆ, "ಮಂಗಳೂರಿನವರೇ, ನಮ್ಮ ಅಕ್ಕನ ದಬ್ಬಣ ಅಲ್ಲೇ ಎಲ್ಲಾದರೂ ಬಿದ್ದಿದೆಯಾ, ಸ್ವಲ್ಪ ನೋಡಿ."

ಗೋಡೆಯಾಚೆಯಿಂದ ದಪ್ಪ ಮೀಸೆ ಇಣುಕಿತು. ಐದು ನಿಮಿಷದಲ್ಲಿ ಲಾರಿ ಖಾಲಿಯಾಗಿಯೇ ಗೇಟು ದಾಟಿತು. ಬಂದವನು ಕೊಟ್ಟ ನಂಬರಿಗೆ ಫೋನು ಮಾಡಬಾರದು, ನಮ್ಮ ಪುಸ್ತಕದಲ್ಲಿರುವ ನಂಬರಿಗೇ ಮಾಡಬೇಕು ಎಂಬ ರೂಲು ಬಂದದ್ದು ಅವತ್ತು. ರೂಲನ್ನು ನಾನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಯುತ್ತಿದ್ದಾಗ ಹೊಲಿಗೆಯಕ್ಕ ಬಂದು ಕೇಳಿದರು, "ಅದಿರಲಿ, ಮಂಗಳೂರಲ್ಲಿ ದಬ್ಬಣ ಸಿಕ್ಕಿತಾ?"

ಡ್ರೈವರಿನ ಫೋಟೋ

ಎರಡನೆಯ ರೂಲು, ಲಾರಿ ಹೊರಡುವ ಮೊದಲು ಡ್ರೈವರನ್ನು ನಂಬರ್ ಪ್ಲೇಟಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವುದು. ಕಳ್ಳರಾದರೆ ಮುಖ ತಿರುಗಿಸುತ್ತಾರೆ. ನಮ್ಮ ಮಾಮೂಲಿ ಡ್ರೈವರು ಮಾತ್ರ "ತಡೀರಿ ರೈಟರ್ರೇ" ಎಂದು ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡು ಬಂದ.

"ಲಾರಿ ಪೂರ್ತಿ ಬರಲಿ. ನನಗೂ ಒಂದು ಕಳಿಸಿ."

"ನಿನಗೆ ಯಾಕೆ ಮಾರಾಯ?"

"ಇರಲಿ ಬಿಡಿ."

ಎರಡು ತಿಂಗಳಾದ ಮೇಲೆ ಲಡ್ಡಿನ ಪೊಟ್ಟಣ ಹಿಡಿದು ಬಂದ. ಆ ಫೋಟೋ ನೋಡಿಯೇ ಹೆಣ್ಣಿನ ಕಡೆಯವರು ಒಪ್ಪಿದರಂತೆ. ನನಗೆ ಬಹಳ ಸಂತೋಷವಾಯಿತು. "ಹುಡುಗಿಗೆ ಏನು ಹಿಡಿಸಿತಂತೆ?" ಎಂದು ಕೇಳಿದೆ.

ಅವನು ಪೊಟ್ಟಣ ನನ್ನ ಕೈಗಿಟ್ಟು ಹೇಳಿದ, "ಲಾರಿ."

ಜೀಪು ಬಂತು

ಅಭ್ಯಾಸ ಎನ್ನುವುದು ಗೋಡೌನಿನಲ್ಲೇ ಉಳಿಯುವುದಿಲ್ಲ, ಮನೆಗೂ ಬರುತ್ತದೆ. ನನ್ನ ಮನೆಯವಳನ್ನು ತವರಿಗೆ ಕರೆದೊಯ್ಯಲು ಅವಳ ತಮ್ಮ ಒಂದು ಜೀಪು ಕಳಿಸಿದ್ದ. ಡ್ರೈವರು ಹೊಸಬ. ನಾನು ಲೈಸೆನ್ಸ್ ಕೇಳಿದೆ, ನೋಡಿದೆ. ನಂಬರ್ ಪ್ಲೇಟಿನ ಮೇಲೆ ಇನ್ನೊಂದು ಅಂಟಿಸಿದ್ದಾರೋ ಎಂದು ಉಗುರಿನಿಂದ ಕೆರೆದು ನೋಡಿದೆ. ಫೋಟೋ ತೆಗೆದೆ. ಆಮೇಲೆ ಭಾವಮೈದುನನ ನಂಬರಿಗೇ ಫೋನು ಮಾಡಿ, ಯಾವ ಜೀಪು, ಯಾವ ಬಣ್ಣ, ಡ್ರೈವರಿನ ಹೆಸರೇನು ಎಂದು ಕೇಳಿ ತಾಳೆ ನೋಡಿದೆ.

ನನ್ನವಳು ಚೀಲ ಹಿಡಿದು ಅಂಗಳದಲ್ಲೇ ನಿಂತಿದ್ದಳು. "ಎಲ್ಲ ಆಯ್ತಾ? ಸೀಲೊಂದು ಬಾಕಿ. ಅದನ್ನೂ ಹಾಕಿಬಿಡಿ," ಎಂದು ಜೀಪು ಹತ್ತಿದಳು. ತಿರುಗಿ ನೋಡಲಿಲ್ಲ.

ಸಂಜೆ ಭಾವಮೈದುನನ ಫೋನು ಬಂತು.

"ಲೋಡು ಬಂದು ಮುಟ್ಟಿದೆ ಭಾವ. ಡ್ಯಾಮೇಜು ಏನಿಲ್ಲ. ಒಳಗೆ ಸ್ವಲ್ಪ ಬಿಸಿಯಾಗಿದೆ."

ಬಲಗೈ, ಎಡಗೈ

ಹೊಲಿಗೆಯಕ್ಕ ಎಡಗೈಯವರು. ಅವರು ಕೆಲಸಕ್ಕೆ ಸೇರಿದ ದಿನ ಎಡಗೈಯಲ್ಲಿ ದಬ್ಬಣ ಹಿಡಿದದ್ದು ನೋಡಿ ನನ್ನ ಮನಸ್ಸಿಗೆ ಸರಿ ಬರಲಿಲ್ಲ. ಮನೆಯಿಂದ ಹೊರಡುವ ಮಾಲು, ಎಡಗೈಯಲ್ಲಿ ಶುರು ಮಾಡುವುದು ಹೇಗೆ?

"ಅಕ್ಕ, ಬಲಗೈಲಿ ಹೊಲೀರಿ."

"ಬರೋದಿಲ್ಲ ರೈಟರ್ರೇ."

"ಶುರುವಾದರೂ ಬಲಗೈಲಿ ಮಾಡಿ. ದೇವರ ಹೆಸರಲ್ಲಿ."

"ದೇವರಿಗೆ ಮೂರು ಹೊಲಿಗೆ ಸಾಕಾ?"

ಸಾಕು ಎಂದೆ. ಅಂದಿನಿಂದ ಪ್ರತಿ ಗೋಣಿಗೂ ಮೊದಲ ಮೂರು ಹೊಲಿಗೆ ಬಲಗೈಯಲ್ಲಿ, ಉಳಿದದ್ದು ಎಡಗೈಯಲ್ಲಿ. ಉಳಿದ ನಾಲ್ವರು ಹೆಂಗಸರು ಇದನ್ನು ಆಡಿಕೊಂಡು ನಗುತ್ತಿದ್ದರು.

ಕಳೆದ ವರ್ಷ ಯಜಮಾನರು ನಂಬರಿರುವ ಪ್ಲಾಸ್ಟಿಕ್ ಸೀಲು ತರಿಸಿದರು. ಮೂಟೆಗೊಂದು. ಇನ್ನು ಚಿಂತೆಯಿಲ್ಲ ಎಂದುಕೊಂಡೆವು. ಒಂದು ದಿನ ಮಂಗಳೂರಿನ ವ್ಯಾಪಾರಿಯಿಂದ ಫೋನು. ಸುರಿದು ನೋಡಿದ ಒಂದು ಮೂಟೆಯಲ್ಲಿ ಮೆಣಸಿನ ಜೊತೆ ಪಪ್ಪಾಯಿ ಬೀಜ. ಸೀಲಿನ ನಂಬರುಗಳೆಲ್ಲ ಸರಿಯಿವೆ.

ಯಜಮಾನರು ಕೂತಲ್ಲಿಂದ ಏಳಲಿಲ್ಲ. "ಮುಗೀತು ರೈಟರ್ರೇ," ಎಂದರು. ಸೀಲು ಸರಿಯಿದೆ ಎಂದರೆ ಬೀಜ ಬೆರೆಸಿದ್ದು ನಾವೇ ಎಂದಾಯಿತು. ನಾನು ಹೊರನಾಡಿನ ತಾಯಿಯನ್ನು ನೆನೆದು ಜೀಪು ಹತ್ತಿದೆ. ಹಿಂದಿನ ಸೀಟಿನಲ್ಲಿ ಹೊಲಿಗೆಯಕ್ಕ ಆಗಲೇ ಕೂತಿದ್ದರು. "ನನ್ನ ಮೂಟೆಗೆ ಹೆಸರಿಟ್ಟವರು ಯಾರು, ನೋಡಿ ಬರ್ತೇನೆ."

ಮಂಗಳೂರಿನ ವ್ಯಾಪಾರಿಯ ಮಳಿಗೆಯಲ್ಲಿ ಲಾರಿ ಕಂಪನಿಯ ಏಜೆಂಟು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ನಂಬರು ತಾಳೆಯಾಗಿದೆ. ತುಂಬಿದ್ದೇ ಹಾಗೆ. ನಮ್ಮದೇನಿದೆ?"

ಅಕ್ಕ ಯಾರ ಮಾತಿಗೂ ಕಿವಿಗೊಡದೆ ಮೂಟೆಗಳ ಬಾಯಿಯ ಮೇಲೆ ಬೆರಳು ಆಡಿಸುತ್ತ ಹೋದರು. "ಇದು ನನ್ನದು. ಇದೂ ನನ್ನದು. ಇದು ನನ್ನದಲ್ಲ." ಹೀಗೆ ಒಂಬತ್ತನ್ನು ಬೇರೆ ಮಾಡಿಸಿದರು.

ಏಜೆಂಟು ನಕ್ಕ. "ಹೊಲಿಗೆ ಮೇಲೆ ನಿಮ್ಮ ಹೆಸರು ಬರೆದಿದೆಯೇನಮ್ಮ?"

"ಒಂದು ಖಾಲಿ ಗೋಣಿ ಕೊಡಿ," ಎಂದರು ಅಕ್ಕ. ದಬ್ಬಣ ಕೈಚೀಲದಲ್ಲೇ ಇತ್ತು. ಎಲ್ಲರ ಮುಂದೆ ಬಾಯಿ ಹೊಲಿದು ತೋರಿಸಿದರು. ಮೂರು ಹೊಲಿಗೆ ಒಂದು ಕಡೆ ವಾಲಿದ್ದವು, ಉಳಿದವೆಲ್ಲ ಇನ್ನೊಂದು ಕಡೆ. ನಮ್ಮ ಮೂಟೆಗಳೆಲ್ಲ ಹಾಗೇ ಇದ್ದವು. ಆ ಒಂಬತ್ತರಲ್ಲಿ ಮಾತ್ರ ಎಲ್ಲ ಹೊಲಿಗೆಯೂ ಒಂದೇ ಕಡೆ.

"ನಿಮ್ಮವರು ಪಾಪ, ಪೂರ್ತಿ ಬಲಗೈಲೇ ಹೊಲಿದಿದ್ದಾರೆ," ಎಂದರು ಏಜೆಂಟಿಗೆ. "ನಮ್ಮ ರೈಟರಿಗಿಂತ ಶಾಸ್ತ್ರವಂತರು."

ವ್ಯಾಪಾರಿ ಒಂಬತ್ತನ್ನೂ ಬಿಚ್ಚಿಸಿದರು. ಒಂಬತ್ತರಲ್ಲೂ ಪಪ್ಪಾಯಿ ಬೀಜ. ಬೇರೆ ಒಂದರಲ್ಲೂ ಇಲ್ಲ. ಏಜೆಂಟಿನ ಕಾಲು ತಾನಾಗಿ ಕೆಳಗಿಳಿಯಿತು. ಅದೇ ನಂಬರಿನ ಸೀಲು ಮಾಡಿಸಿ, ದಾರಿಯಲ್ಲಿ ಮೂಟೆ ಬದಲಿಸಿದ್ದನ್ನು ಅವನೇ ಹೇಳಬೇಕಾಯಿತು. ಸಂಜೆಯೊಳಗೆ ನಮ್ಮ ಒಂಬತ್ತು ಮೂಟೆ ಘಟ್ಟದ ಕೆಳಗಿನ ಒಂದು ಶೆಡ್ಡಿನಿಂದ ಬಾಯಿ ಬಿಚ್ಚದೆ ಬಂದವು.

ವ್ಯಾಪಾರಿ ನನ್ನ ಕೈ ಕುಲುಕಿದರು. "ಎಂಥ ಉಪಾಯ ರೈಟರ್ರೇ, ಯಾರು ಯೋಚಿಸಿದ್ದು?"

"ನಮ್ಮ ಗೋಡೌನಿನ ಪದ್ಧತಿ," ಎಂದೆ, ಎದೆ ಸ್ವಲ್ಪ ಮುಂದೆ ಮಾಡಿ. ಅಕ್ಕ ನನ್ನನ್ನು ಒಮ್ಮೆ ನೋಡಿ ದಬ್ಬಣವನ್ನು ಕೈಚೀಲಕ್ಕೆ ಹಾಕಿಕೊಂಡರು. ಅದು ಅವರ ದೊಡ್ಡತನ.

ಯಜಮಾನರು ಬೀಗದ ಮಾತು ಬಿಟ್ಟರು. ಬದಲಿಗೆ ಇನ್ನು ಮೇಲೆ ಐವರೂ ಹೊಲಿಯಬೇಕು, ಹೀಗೇ ಹೊಲಿಯಬೇಕು ಎಂದರು. ಈಗ ಗಂಧ ಇಟ್ಟುಕೊಂಡು ಬೆಳಿಗ್ಗೆ ಬೆಳಿಗ್ಗೆ ನಾಲ್ಕು ಜನ ಬಲಗೈಯವರ ಮುಂದೆ ನಿಂತು "ಎಡಗೈ, ಎಡಗೈ" ಎಂದು ಹೇಳಿಕೊಡುವವನು ನಾನೇ. ಗುಟ್ಟನ್ನು ಇಲ್ಲಿ ಬರೆದುಬಿಟ್ಟನಲ್ಲ ಎಂದು ಯಾರೂ ಚಿಂತಿಸಬೇಕಾಗಿಲ್ಲ. ಎಷ್ಟನೆಯ ಹೊಲಿಗೆಗೆ ಕೈ ಬದಲಾಗುತ್ತದೆ ಎಂಬುದನ್ನು ಅಕ್ಕ ಲೋಡಿನಿಂದ ಲೋಡಿಗೆ ಬದಲಿಸುತ್ತಾರೆ.

ಮೊನ್ನೆ ಹೊಸ ವ್ಯಾಪಾರಿಯೊಬ್ಬರು ಗೋಡೌನು ನೋಡಲು ಬಂದಿದ್ದರು. ಒಂದೇ ಗೋಣಿಗೆ ಎರಡು ಕೈ ಯಾಕೆ ಎಂದು ಕೇಳಿದರು. ನಾನು ಗಂಟಲು ಸರಿ ಮಾಡಿಕೊಂಡು ಪದ್ಧತಿಯನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ಅಕ್ಕ ತಲೆ ಎತ್ತದೆ, ದಾರ ಎಳೆಯುತ್ತಲೇ ಹೇಳಿದರು:

"ಬಲಗೈದು ದೇವರಿಗೆ. ಎಡಗೈದು ಕಳ್ಳರಿಗೆ. ಮಾತು ರೈಟರಿಗೆ."