ನೀಲಿ ಸವತಿ, ಕೆಂಪು ಸವತಿ

ಗಂಡ ಪರದೇಶದಲ್ಲಿದ್ದಾನೆ ಎಂದು ಗೊತ್ತಾದ ಕೂಡಲೇ ಜನ ಹೆಂಡತಿಯನ್ನು ಒಂದು ಥರ ನೋಡುತ್ತಾರೆ. ಅರ್ಧ ಅಸೂಯೆ, ಅರ್ಧ ಅನುಮಾನ. ಅಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಆದರೆ ನಮ್ಮ ಖಾನಾವಳಿಗೆ ಊಟಕ್ಕೆ ಬರುವ ಹೆಂಗಸರು ರೊಟ್ಟಿ ಮುರಿಯುತ್ತ, "ದಿನಾ ಫೋನ್ ಮಾಡ್ತಾರೇನ್ರಿ?" ಎಂದು ಕೇಳುವ ಧಾಟಿಯಲ್ಲೇ ಎಲ್ಲವೂ ಇರುತ್ತದೆ. ಅವರಿಗೆ ಹೇಳದ ಸಂಗತಿಯನ್ನು ನಿಮಗೆ ಹೇಳಿಬಿಡುತ್ತೇನೆ. ನನಗೆ ಇಬ್ಬರು ಸವತಿಯರಿದ್ದಾರೆ. ಒಬ್ಬಳು ನೀಲಿ, ಇನ್ನೊಬ್ಬಳು ಕೆಂಪು. ನೀಲಿಯವಳ ಹೆಸರು ಬ್ಯೂಟೇನ್, ಕೆಂಪಿನವಳ ಹೆಸರು ಪ್ರೊಪೇನ್. ಇಬ್ಬರದೂ ಸಿಲಿಂಡರಿನೊಳಗೆ ವಾಸ, ಸಿಲಿಂಡರಿನದು ದೋಣಿಯೊಳಗೆ ವಾಸ, ಆ ದೋಣಿಯಲ್ಲಿ ನಮ್ಮವರು ಅಡಿಗೆಯವರು.

ರಾಣೇಬೆನ್ನೂರಿನಲ್ಲಿ ಹುಟ್ಟಿದ ಮನುಷ್ಯ ಸಮುದ್ರಕ್ಕೆ ಹೇಗೆ ಹೋದ ಎಂದು ನೀವು ಕೇಳಬಹುದು. ನಾನೂ ಕೇಳಿಕೊಳ್ಳುತ್ತಲೇ ಇರುತ್ತೇನೆ. ಹಾವೇರಿಯಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ರೊಟ್ಟಿ ಖಾನಾವಳಿ. ಅತ್ತೆ ರೊಟ್ಟಿ ಬಡಿಯುತ್ತಾರೆ, ನಾನು ಪಲ್ಯ ಸಾರು ನೋಡಿಕೊಳ್ಳುತ್ತೇನೆ, ನಮ್ಮವರು ಎಣ್ಣೆಗಾಯಿಗೆ ಹೆಸರಾದವರು. ಗೋವಾದ ಒಂದು ಹೋಟೆಲಿನವರು ಹಂಗಾಮಿಗೆ ಕರೆದರು, ಹೋದರು. ಅಲ್ಲಿ ಒಬ್ಬ ವಿದೇಶಿ ಮುದುಕ, ಅವನ ಹೆಂಡತಿ ಎಣ್ಣೆಗಾಯಿ ತಿಂದು, ಬದನೆಕಾಯಿಯ ಜೊತೆಗೆ ನಮ್ಮವರನ್ನೂ ಮೆಚ್ಚಿಕೊಂಡರು. ಆ ದಂಪತಿಗೆ ಮನೆಯೇ ದೋಣಿ. ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ತೇಲುತ್ತಿರುತ್ತಾರೆ. ನಮ್ಮತ್ತಿಗೆ ಬ್ಯಾಡಗಿಯಿಂದ ಕಳಿಸುವ ಮೆಣಸಿನಪುಡಿಯನ್ನು ಡಬ್ಬಿಗಟ್ಟಲೆ ಹೊತ್ತುಕೊಂಡು ನಮ್ಮವರು ಅವರ ಜೊತೆ ಹೊರಟರು. ಆ ಪುಡಿಯ ಬಣ್ಣ ನೋಡಿ ಮುದುಕಿ ಮೊದಲು ಹೆದರಿದಳಂತೆ. ಬ್ಯಾಡಗಿಯದು ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ತಿಳಿದ ಮೇಲೆ ಈಗ ಮೊಟ್ಟೆಯ ಮೇಲೂ ಉದುರಿಸಿಕೊಳ್ಳುತ್ತಾಳಂತೆ.

ಇದೇ ಮನುಷ್ಯ ಮದುವೆಯಾದ ಹೊಸದರಲ್ಲಿ ನನ್ನನ್ನು ಗಳಗನಾಥಕ್ಕೆ ಕರೆದುಕೊಂಡು ಹೋಗಿದ್ದರು. ವರದೆ ಬಂದು ತುಂಗಭದ್ರೆಗೆ ಸೇರುವ ಜಾಗ. ದೇವರ ದರ್ಶನವಾದ ಮೇಲೆ ದೋಣಿಯಲ್ಲಿ ಕೂರೋಣ ಎಂದು ನಾನೇ ಹಟ ಮಾಡಿದೆ. ದೋಣಿ ದಡ ಬಿಟ್ಟದ್ದೇ ತಡ, ನಮ್ಮವರು ಕಣ್ಣು ಮುಚ್ಚಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಎರಡು ಬಳೆ ಒಡೆದವು. ಜನರೆದುರು ಅವರು ನನ್ನ ಕೈ ಹಿಡಿದದ್ದು ಅಷ್ಟೇ. ಆಮೇಲೆ ಹಿಡಿಯಲು ಕಾರಣವೂ ಬರಲಿಲ್ಲ, ದೋಣಿಯೂ ಸಿಗಲಿಲ್ಲ. ಈಗ ಹಗಲೂ ರಾತ್ರಿ ದೋಣಿಯಲ್ಲೇ ಇದ್ದಾರೆ, ಹಿಡಿದುಕೊಳ್ಳುವುದು ಮಾತ್ರ ಸಿಲಿಂಡರನ್ನು.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಫೋನು ಬರುತ್ತದೆ. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಚಿತ್ರ ಕಾಣದ ಫೋನಿಗೂ ಸ್ವಲ್ಪ ನಕ್ಕು, ಹಲೋ ಎನ್ನುತ್ತೇನೆ. ಆ ಕಡೆಯಿಂದ ಗ್ಯಾಸಿನ ಕಥೆ ಶುರುವಾಗುತ್ತದೆ. ಒಂದು ದೇಶದ ಸಿಲಿಂಡರನ್ನು ಇನ್ನೊಂದು ದೇಶದವರು ತುಂಬಿಸಿಕೊಡುವುದಿಲ್ಲವಂತೆ. ಒಂದರ ಬಾಯಿಗೆ ಇನ್ನೊಂದರ ರೆಗ್ಯುಲೇಟರ್ ಕೂರುವುದಿಲ್ಲವಂತೆ. ಅದಕ್ಕೆಂದು ಒಂದು ಚೀಲದ ತುಂಬ ಹಿತ್ತಾಳೆಯ ಜೋಡಣೆಗಳನ್ನು ಕೂಡಿಹಾಕಿದ್ದಾರೆ. ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಹೊರಗೆ ಹೋಗದೆ ದೋಣಿಯ ತಳದಲ್ಲಿ ಹೋಗಿ ಕೂತುಬಿಡುತ್ತದಂತೆ. ಹಾಗಾಗಿ ಪ್ರತಿ ಚಹಾ ಆದ ಮೇಲೂ ಮೇಲಕ್ಕೆ ಹತ್ತಿ ಸಿಲಿಂಡರಿನ ಬಾಯಿ ಬಂದ್ ಮಾಡಿ ಬರಬೇಕಂತೆ. ನಾನು ಹೂಂ ಅನ್ನುತ್ತೇನೆ. ಹೊರಗೆ ಹೋಗದೆ ತಳದಲ್ಲಿ ಕೂತುಬಿಡುವ ವಸ್ತುಗಳು ನನ್ನ ಹತ್ತಿರವೂ ಕೆಲವಿದ್ದವು. ಅವನ್ನು ಹೇಳಬೇಕು ಅನ್ನುವಷ್ಟರಲ್ಲಿ ಮುದುಕಿ ಚಹಾ ಕೇಳಿ, ಫೋನು ಕಟ್ಟಾಗುತ್ತಿತ್ತು.

ನನಗೇನು ಗ್ಯಾಸು ಹೊಸದಲ್ಲ. ನಮ್ಮವರಿದ್ದಾಗ ಸಿಲಿಂಡರ್ ಬದಲಿಸುವುದು ಗಂಡಸರ ಕೆಲಸ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ದೂರ ನಿಂತು, ಹುಷಾರ್ರೀ ಎನ್ನುವುದಷ್ಟೇ ನನ್ನ ಪಾಲಿಗಿತ್ತು. ಅವರು ಹೋದ ಮೇಲೆ ಕಲಿತೆ. ಈಗ ತುಂಬಿದ ಸಿಲಿಂಡರನ್ನು ಅಂಚಿನ ಮೇಲೆ ಹೊರಳಿಸುತ್ತ ತಂದು, ಖಾಲಿಯದನ್ನು ಕಾಲಿನಿಂದ ಅತ್ತ ಸರಿಸಿ, ರೆಗ್ಯುಲೇಟರ್ ಕೂರಿಸಿ, ಸಾಬೂನು ನೀರು ಹಚ್ಚಿ ನೋಡುವಷ್ಟರಲ್ಲಿ ಒಲೆಯ ಮೇಲಿನ ಸಾರಿನ ಕುದಿ ಕೂಡ ಇಳಿದಿರುವುದಿಲ್ಲ. ಈ ಪ್ರತಾಪವನ್ನು ನಾನೇ ಫೋನಿನಲ್ಲಿ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ಮೆಚ್ಚಿ ಏನಾದರೂ ಅಂದಾರು ಎಂಬ ಆಸೆ. ಅವರು ವಾಷರ್ ನೋಡಿದೆಯಾ ಎಂದು ಕೇಳುತ್ತಾರೆ.

ಚಳಿಗಾಲದಲ್ಲಿ ಒಂದು ಪ್ರಸಂಗ ನಡೆಯಿತು. ದೋಣಿ ಯಾವುದೋ ಥಂಡಿ ಊರಿನ ದಂಡೆಗೆ ನಿಂತಿತ್ತು. ಬೆಳಿಗ್ಗೆ ಒಲೆ ಹಚ್ಚಿದರೆ ಉರಿ ಬತ್ತಿದ ಹಾಗೆ ಸಣ್ಣದಾಗಿ ಆರಿಹೋಯಿತು. ನೀಲಿ ಸಿಲಿಂಡರ್ ಎತ್ತಿ ನೋಡಿದರೆ ಭಾರವಿದೆ. ಭಾರವಿದ್ದೂ ಉರಿಯದಿದ್ದರೆ ನಮ್ಮ ಕಡೆಯವರಿಗೆ ಹೊಳೆಯುವುದು ಒಂದೇ, ಒಳಗೆ ನೀರು ತುಂಬಿ ಕೊಟ್ಟಿದ್ದಾನೆ. ನಮ್ಮವರು ಸಿಲಿಂಡರ್ ಹೊತ್ತುಕೊಂಡು ಅಂಗಡಿಗೆ ಹೋಗಿ ಜಗಳ ತೆಗೆದರು. ಅಂಗಡಿಯವನು ಪಾಪ, ಇನ್ನೊಂದು ನೀಲಿಯನ್ನು ಕೊಟ್ಟ. ತಂದು ಜೋಡಿಸಿದರೆ ಅದೂ ಹಾಗೆಯೇ. ಊರಿಗೆ ಊರೇ ಮೋಸದ್ದು ಎಂದು ಎರಡನೇ ಸಲ ಹೋಗಿ ರಾಣೇಬೆನ್ನೂರಿನ ಕನ್ನಡದಲ್ಲೇ ಬೈದರಂತೆ. ಅವನು ಸಿಲಿಂಡರನ್ನು ಒಳಗಿನ ಬೆಚ್ಚನೆಯ ಕೋಣೆಯಲ್ಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ ತೋರಿಸಿದ. ಉರಿ ಧಗಧಗ ಎಂದಿತು. ಬ್ಯೂಟೇನಿಗೆ ಥಂಡಿ ಆಗಿಬರುವುದಿಲ್ಲವಂತೆ. ತುಂಬಿಕೊಂಡಿದ್ದರೂ ಎಣ್ಣೆಯ ಹಾಗೆ ಸುಮ್ಮನೆ ಒಳಗೇ ಇರುತ್ತದಂತೆ, ಹೊರಗೆ ಬರುವುದಿಲ್ಲವಂತೆ. ಚಳಿಗೆ ಕೆಂಪಿನವಳೇ ಆಗಬೇಕು. ಅವಳನ್ನು ತಂದರೆ ರೆಗ್ಯುಲೇಟರನ್ನೂ ಬದಲಿಸಬೇಕು.

ಇದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಅತ್ತೆಗೂ ಹೇಳಿದೆ, ಊಟಕ್ಕೆ ಬಂದಿದ್ದ ವಕೀಲರಿಗೂ ಹೇಳಿದೆ. ನಮ್ಮ ದೇಶದ ಸಿಲಿಂಡರಿನಲ್ಲಿ ಇವೆರಡನ್ನೂ ಕೂಡಿಸಿಯೇ ತುಂಬಿರುತ್ತಾರೆ, ಅದಕ್ಕೇ ನಮಗೆ ಆರಿಸುವ ತಾಪತ್ರಯವಿಲ್ಲ ಎಂದು ವಕೀಲರು ವಿವರಿಸಿದರು. ನಗು ಮುಗಿದ ಮೇಲೆ ಪಾತ್ರೆ ತೊಳೆಯುತ್ತ ಕೂತಾಗ ಅಳು ಬಂತು. ಕೂಡಿ ಇರುವುದು ಇಷ್ಟು ಸುಲಭದ ಸಂಗತಿಯಾಗಿದ್ದರೆ ನಾವೇಕೆ ಹೀಗೆ ಬೇರೆ ಬೇರೆ ಕಡೆ ಉರಿಯುತ್ತಿದ್ದೇವೆ ಅನ್ನಿಸಿತು. ಅವರನ್ನು ನೋಡಬೇಕು ಅನ್ನಿಸಿತು. ಫೋನಿನಲ್ಲಿ ಅಲ್ಲ, ಎದುರಿಗೆ. ಅಡಿಗೆಮನೆಯ ಬಾಗಿಲಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಲ್ಲುತ್ತಿದ್ದರಲ್ಲ, ಹಾಗೆ. ಅವತ್ತಿನಿಂದ ಒಂದು ವಾಕ್ಯವನ್ನು ಬಾಯಿಪಾಠ ಮಾಡತೊಡಗಿದೆ. "ಸಾಕ್ರಿ, ಮನಿಗೆ ಬರ್ರಿ." ಇಷ್ಟೇ. ಬದನೆಕಾಯಿ ಸೀಳುವಾಗ ಹೇಳಿಕೊಂಡೆ, ಶೇಂಗಾ ಹುರಿಯುವಾಗ ಹೇಳಿಕೊಂಡೆ. ಫೋನು ಬಂದಾಗ ಮಾತ್ರ, ಈಗ ನೀಲಿಯೋ ಕೆಂಪೋ ಎಂದು ಕೇಳುತ್ತಿದ್ದೆ.

ಹೀಗಿರುವಾಗ ಮೊನ್ನೆ, ಊಟದ ಗದ್ದಲದ ನಡುವೆಯೇ ಫೋನು ಬಂತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಬೆಳಿಗ್ಗೆಯಷ್ಟೇ ಸಿಲಿಂಡರ್ ಬದಲಿಸಿದ್ದೆ. ನಮ್ಮವರ ದನಿ ಬೇರೆಯಾಗಿತ್ತು.

"ಕರಾರು ಮುಗಿಯಾಕ ಬಂತು ಗಿರಿಜಾ. ಮಾಲಕರು ಇನ್ನೊಂದ್ ವರ್ಷ ಇರು ಅನ್ನಾಕತ್ತಾರ. ಏನ್ ಹೇಳ್ಲಿ?"

ಗ್ಯಾಸಿಲ್ಲದ ಮಾತು ಅವರ ಬಾಯಿಂದ ಬಂದು ಎಷ್ಟು ದಿನವಾಗಿತ್ತೋ. ಬಾಯಿಪಾಠ ಮಾಡಿದ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ನನಗೂ ಗೊತ್ತು. ಬಾಯಿ ತೆರೆದೆ. ಇನ್ನೊಂದು ವರ್ಷ ಎಂಬ ಮಾತೇ ಕಿವಿಯಲ್ಲಿ ಕೂತಿತ್ತು. ಕೊನೆಗೆ ನನ್ನ ಬಾಯಿಂದ ಹೊರಬಿದ್ದದ್ದು ಇದು: "ಸಿಲಿಂಡರ್ ಮುಗಿದೈತ್ರಿ."

ನಮ್ಮವರು ಕೇಳಿದರು. "ತುಂಬಿದ್ದು ಇನ್ನೊಂದು ಇರಬೇಕಲ್ಲ."

"ಐತ್ರಿ. ಜೋಡಸಾಕ ಯಾರೂ ಇಲ್ಲ."

ನನ್ನ ಸಿಲಿಂಡರ್ ಪ್ರತಾಪವನ್ನು ನನ್ನ ಬಾಯಿಂದಲೇ ಎಷ್ಟೋ ಸಲ ಕೇಳಿದ ಮನುಷ್ಯ ಅವರು. ಸುಳ್ಳು ಹೇಳಬೇಡ ಎಂದು ನಗಬಹುದಿತ್ತು. ವಾಷರ್ ನೋಡು ಎನ್ನಬಹುದಿತ್ತು. ಆ ಕಡೆ ನೀರು ದೋಣಿಗೆ ಬಡಿಯುವ ಸದ್ದಷ್ಟೇ ಕೇಳಿಸುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಹೇಳಿದರು.

"ಹಂಗ ಇರ್ಲಿ. ನೀ ಮುಟ್ಟಬ್ಯಾಡ. ನಾ ಬಂದು ಜೋಡಸ್ತೇನಿ."

ಫೋನಿಟ್ಟು ತಿರುಗಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು. "ಯವ್ವಾ, ಮುಂಜಾನೆ ಸಿಲಿಂಡರ್ ಜೋಡಿಸಿದವರು ಯಾರು? ದೇವರಗುಡ್ಡದಿಂದ ಕಾರಣಿಕ ಹೇಳೋ ಗೊರವಪ್ಪ ಬಂದಿದ್ನೇನು?" ಎಂದರು. ನಾನು ಸಾರಿಗೆ ಇನ್ನೊಮ್ಮೆ ಉಪ್ಪು ಹಾಕಿದೆ. ಅವತ್ತಿನ ಸಾರನ್ನು ವಕೀಲರು ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಈಗ ಅವರು ಬರುವ ದಿನ ಹತ್ತಿರವಾಗುತ್ತಿದೆ, ನನ್ನ ಫಜೀತಿಯೂ ಹೆಚ್ಚುತ್ತಿದೆ. ಬಂದ ದಿನ ಅವರೆದುರಿಗೆ ರೆಗ್ಯುಲೇಟರನ್ನು ತಿರುವುಮುರುವು ಹಿಡಿದು, ಬರೋದಿಲ್ಲರೀ ಎಂದು ಪಕ್ಕಕ್ಕೆ ಸರಿದು ನಿಲ್ಲಬೇಕು. ಅದಕ್ಕಾಗಿ ಖಾನಾವಳಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅಭ್ಯಾಸ ಮಾಡುತ್ತಿದ್ದೇನೆ. ಬೇಕಂತಲೇ ಓರೆಯಾಗಿ ಇಡುತ್ತೇನೆ, ಕಣ್ಣು ಮುಚ್ಚಿ ಇಡುತ್ತೇನೆ, ಎಡಗೈಯಲ್ಲಿ ಇಡುತ್ತೇನೆ. ಹಾಳಾದ್ದು, ಪ್ರತಿ ಸಲವೂ ಟಕ್ ಎಂದು ಸರಿಯಾಗಿಯೇ ಕೂತುಬಿಡುತ್ತದೆ.