ಅಂಗಾತ ಮಲಗುವ ಹಾಗಿಲ್ಲ

ನಮ್ಮ ದೊಡ್ಡಮ್ಮ ಮನೆಯಲ್ಲಿದ್ದರೆ ಯಾರೂ ಅಂಗಾತ ಮಲಗುವ ಹಾಗಿಲ್ಲ! ಸೋಫಾದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿದರೂ ಸರಿ, ಬಂದು ಭುಜ ಹಿಡಿದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಿಸಿ, ಏನೂ ಆಗದವರಂತೆ ಹೋಗಿ ಬೀನ್ಸ್ ಹೆಚ್ಚತೊಡಗುತ್ತಾರೆ. ಕ್ಯಾಮೆರಾ ಆಫ್ ಆಗಿದೆ ಅಂದುಕೊಂಡು ಮೀಟಿಂಗಿನ ನಡುವೆ ಮೈಚಾಚಿದ್ದ ನನ್ನ ಗಂಡನನ್ನೂ ಹೀಗೆ ಹೊರಳಿಸಿದರು. ಕಣ್ಣಾರೆ ಕಂಡ ಜಪಾನೀ ಮ್ಯಾನೇಜರು ಮರುದಿನ ಬಹಳ ವಿನಯದಿಂದ ಆರೋಗ್ಯ ವಿಚಾರಿಸಿದರಂತೆ.

ದೊಡ್ಡಮ್ಮ ಮೂವತ್ತು ವರ್ಷ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದರೂ ಡ್ಯೂಟಿ ಮುಗಿದಿಲ್ಲ. ಮೂರು ತಿಂಗಳಿಗೆಂದು ಜಪಾನಿನ ಓಜಿಮಾದ ನಮ್ಮ ಫ್ಲ್ಯಾಟಿಗೆ ಬಂದವರ ಕಣ್ಣಿಗೆ ಮೊದಲು ಬಿದ್ದದ್ದೇನು ಗೊತ್ತೆ? ಶುಕ್ರವಾರ ಸಂಜೆ ಸ್ಟೇಷನ್ನಿನ ಬೆಂಚಿನ ಮೇಲೆ ಸೂಟುಬೂಟಿನಲ್ಲೇ ಕುಡಿದು ಬಿದ್ದಿದ್ದ ಒಬ್ಬ ಆಫೀಸಿನ ಮನುಷ್ಯ! ಹೋದರು, ಟೈ ಸಡಿಲಿಸಿದರು, ಹೊರಳಿಸಿದರು. ಆತ ಕಣ್ಣು ಬಿಟ್ಟು, ಮಲಗಿದ್ದಲ್ಲಿಂದಲೇ ತಲೆ ಬಾಗಿಸಿ "ಸುಮಿಮಾಸೆನ್" ಅಂದ.

"ಏನಂತೆ?"

"ಕ್ಷಮಿಸಿ ಅಂತಿದಾರೆ, ದೊಡ್ಡಮ್ಮ."

"ಎಷ್ಟು ಒಳ್ಳೇ ಪೇಷಂಟು! ನಮ್ಮವರಾಗಿದ್ರೆ ಒದೀತಿದ್ರು."

ನನ್ನ ಎಂಟು ವರ್ಷದ ಮಗಳು, "ಅಜ್ಜಿ, ದಮೆ, ಬೇಡ! ಯು ಕಾಂಟ್ ಟಚ್ ಪೀಪಲ್!" ಎಂದು ಪಕ್ಕದ ಕೊಂಬಿನಿ ಅಂಗಡಿಯೊಳಗೆ ಓಡಿ ಅಡಗಿಕೊಂಡಳು.

ಇಷ್ಟಕ್ಕೇ ನಿಂತಿದ್ದರೆ ನಗುನಗುತ್ತಾ ಬರೆದು ಮುಗಿಸುತ್ತಿದ್ದೆ. ಆದರೆ ಹೋದ ಭಾನುವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಫಿ ಸೋಸುವಾಗಲೂ ಒಂದು ಒಡೆದ ಬಾಟಲಿ ಕಣ್ಣ ಮುಂದೆ ಬರುತ್ತದೆ.

ಸಮುದ್ರ ತೋರಿಸುತ್ತೇನೆಂದು ದೊಡ್ಡಮ್ಮ, ಮಗಳು ಇಬ್ಬರನ್ನೂ ಒಂದು ಬಂದರು ಪಟ್ಟಣಕ್ಕೆ ಕರೆದುಕೊಂಡು ಹೋದವಳು ನಾನೇ. ಅಲ್ಲಿ ಪರದೇಶದ ಸೈನ್ಯದ ನೆಲೆಯಿದೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದ ಹಡಗೊಂದು ಹಿಂದಿನ ದಿನವಷ್ಟೇ ದಡ ಸೇರಿತ್ತು. ಇದನ್ನೆಲ್ಲ ಯಾವ ಆ್ಯಪ್ ಹೇಳುತ್ತದೆ, ಹೇಳಿ? ಮಧ್ಯಾಹ್ನ ನಾಲ್ಕಕ್ಕೇ ಬಾರುಗಳ ಬೀದಿ ತುಂಬ ಸೈನಿಕರು. ಒಬ್ಬ ಹಾಡುತ್ತಿದ್ದ, ಒಬ್ಬ ಅಳುತ್ತಿದ್ದ, ಇನ್ನೊಬ್ಬ ಕೂಲ್‌ಡ್ರಿಂಕ್ ಮೆಷಿನ್ನನ್ನು ತಬ್ಬಿಕೊಂಡು ಏನೋ ಗುಟ್ಟು ಹೇಳುತ್ತಿದ್ದ. ದೊಡ್ಡಮ್ಮನ ಮುಖದಲ್ಲಿ ತವರಿಗೆ ಬಂದ ಕಳೆ!

"ವಾರ್ಡ್ ಫುಲ್ ಇದೆಯಲ್ಲೇ!"

ಅಷ್ಟರಲ್ಲಿ ಬಾರೊಂದರ ಮುಂದೆ ಇಬ್ಬರು ಕೈಕೈ ಮಿಲಾಯಿಸಿದರು. ಒಬ್ಬ ಅಂಗಾತ ಬಿದ್ದವನು ಏಳಲಿಲ್ಲ. ಇನ್ನೊಬ್ಬ, ಬಾಗಿಲೆತ್ತರದ ಆಳು, ಗೋಡೆಗೆ ಬಾಟಲಿ ಒಡೆದು ಕಂಡಕಂಡವರ ಕಡೆಗೆ ಬೀಸತೊಡಗಿದ. ಮಗಳನ್ನು ಎಳೆದುಕೊಂಡು ಅಂಗಡಿಯೊಂದಕ್ಕೆ ನುಗ್ಗಿ ತಿರುಗಿ ನೋಡುತ್ತೇನೆ, ದೊಡ್ಡಮ್ಮ ಇಲ್ಲ! ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸ್ಪೋರ್ಟ್ಸ್ ಶೂ, ಬೀದಿಯ ನಡುವೆ ನೆಟ್ಟಗೆ ಅವನ ಕಡೆಗೇ ನಡೆಯುತ್ತಿದ್ದಾರೆ.

"ದೊಡ್ಡಮ್ಮಾ, ಬನ್ನಿ ಈ ಕಡೆ!" ಕೇಳಿಸಿದ್ದರೆ ತಾನೆ?

"ಬೈಠ್ ಜಾವ್!"

ದೊಡ್ಡಮ್ಮನ ಬಾಯಲ್ಲಿ ಮಿಲಿಟರಿ ವಾರ್ಡಿನ ಹಿಂದಿ. ಒಡೆದ ಬಾಟಲಿ ಅವರ ಕತ್ತಿನಿಂದ ಒಂದು ಗೇಣು ದೂರದಲ್ಲಿತ್ತು. ಗೇಣೂ ಇರಲಿಲ್ಲವೇನೋ, ದಿನಾ ಮನಸ್ಸಿನಲ್ಲೇ ಅಳೆಯುತ್ತೇನೆ, ದಿನಾ ಕಡಿಮೆಯಾಗುತ್ತಿದೆ. ಅವನಿಗೆ ಹಿಂದಿ ಎಲ್ಲಿಂದ ಬರಬೇಕು? ಆದರೂ ಕೂತ! ಥರ್ಮಾಮೀಟರು ವಾಪಸ್ ಕೇಳುವವರಂತೆ ದೊಡ್ಡಮ್ಮ ಕೈ ಚಾಚಿದರು. ಬಾಟಲಿ ಕೊಟ್ಟ!

ಅದನ್ನು ಪಕ್ಕಕ್ಕಿಟ್ಟು, ಬಿದ್ದವನ ಬಳಿ ಮಂಡಿಯೂರಿ, ತಮ್ಮ ಎರಡರಷ್ಟಿದ್ದ ಆ ದೇಹವನ್ನು ಹೊರಳಿಸಿದರು. ಹೊರಳಿಸಿದ್ದೇ ತಡ, ಆತ ವಾಂತಿ ಮಾಡಿಕೊಂಡು ಜೋರಾಗಿ ಉಸಿರೆಳೆದ. ಆಮೇಲೆ ಪೊಲೀಸರು ಬಂದರು, ಆಂಬುಲೆನ್ಸೂ ಬಂತು.

ವಾಪಸ್ ಬರುವ ರೈಲಿನಲ್ಲಿ ನಾನು ಜಗಳಕ್ಕೇ ನಿಂತೆ. "ಹೆದರಿಕೆ ಅನ್ನೋದೇ ಇಲ್ವಾ ನಿಮಗೆ? ಏನಾದ್ರೂ ಆಗಿದ್ರೆ?"

ದೊಡ್ಡಮ್ಮ ನೀರಿನ ಬಾಟಲಿ ತೆರೆಯಲು ನೋಡಿದರು. ಮೂರು ಸಲ ತಿರುಗಿಸಿದರೂ ಮುಚ್ಚಳ ಬಿಚ್ಚಲಿಲ್ಲ. ಮಗಳು ತೆಗೆದುಕೊಟ್ಟಳು.

"ಕೆಲಸಕ್ಕೆ ಸೇರಿದ ವರ್ಷ," ಅಂದರು. "ಒಬ್ಬ ಸಿಪಾಯಿ, ಕುಡಿದು ಅಂಗಾತ ಮಲಗಿದ್ದ. ನಿದ್ದೆ ಮಾಡ್ಲಿ ಪಾಪ ಅಂತ ಬಿಟ್ಟು ಟೀ ಕುಡಿಯೋಕೆ ಹೋದೆ ಕಣೇ. ಹತ್ತೇ ನಿಮಿಷ. ಬರೋಷ್ಟರಲ್ಲಿ ವಾಂತಿ ಗಂಟಲಿಗೆ ಸಿಕ್ಕಿ ಉಸಿರಿರ್ಲಿಲ್ಲ."

ಎರಡು ಸ್ಟೇಷನ್ ಕಳೆಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ತಲೆ ಹಿಂದಕ್ಕೆ ವಾಲಿ, ಬಾಯಿ ತೆರೆದುಕೊಂಡಿತ್ತು. ನಾನು ಕೈ ಚಾಚುವ ಮೊದಲೇ ಮಗಳು ಸೀಟಿನ ಮೇಲೆ ಮಂಡಿಯೂರಿ, ಅಜ್ಜಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದಳು.