ಚಿಕ್ಕಮ್ಮನ ಬೀಳ್ಕೊಡುವ ಯಂತ್ರ

ನಮ್ಮ ಚಿಕ್ಕಮ್ಮನ ಮನೆಗೆ ಹೋದವರು ಯಾರೂ ಪೂರ್ತಿಯಾಗಿ ವಾಪಸು ಬಂದದ್ದೇ ಇಲ್ಲ! ಹೆದರಬೇಡಿ, ಅವಳು ಮಾಟ ಮಂತ್ರದವಳಲ್ಲ. ಕೆ.ಆರ್. ಪುರಂ ಕಡೆಯ ಟೆಲಿಫೋನ್ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕಿ ಹಾಕಿ ನಿವೃತ್ತಳಾದ, ಹಲಸೂರಿನ ಮಹಡಿ ಮನೆಯಲ್ಲಿ ಒಬ್ಬಳೇ ಇದ್ದ, ಮಂಡಿ ನೋವಿನ ಹೆಂಗಸು. ಆದರೂ ಕೇಳಿ: ನೀವು ಅವಳ ಮನೆಯಲ್ಲಿ ಕಾಫಿ ಕುಡಿದು, 'ಬರ್ತೀನಿ' ಅಂತ ಹೇಳಿ, ಬಸ್ಸು ಹತ್ತಿ ನಿಮ್ಮ ಮನೆ ಸೇರಿ ಕಾಲು ಚಾಚಿ ಕೂತಿದ್ದರೂ, ಅಲ್ಲಿ ಅವಳ ಗೇಟಿನ ಹತ್ತಿರ ಇನ್ನೂ ನಿಂತೇ ಇರುತ್ತಿದ್ದಿರಿ.

ಇದಕ್ಕೆಲ್ಲ ಮೂಲ ಶಿವಾಜಿನಗರದ ಗುಜರಿ. ಸಂಸಾರಸ್ಥರು ಶಿವಾಜಿನಗರಕ್ಕೆ ತರಕಾರಿಗೋ ಬಟ್ಟೆಗೋ ಹೋಗುತ್ತಾರೆ. ಚಿಕ್ಕಮ್ಮ ಹೋಗುತ್ತಿದ್ದದ್ದು ಸತ್ತ ಯಂತ್ರಗಳ ಮುಖ ನೋಡುವುದಕ್ಕೆ! ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದಳು. ತಲೆ ಹೋದ ಮಿಕ್ಸಿ, ಕಿವಿ ಹೋದ ಫೋನುಗಳ ನಡುವೆ ಒಂದು ಇ-ರೀಡರ್ ಬಿದ್ದಿತ್ತು. ಪುಸ್ತಕ ಓದಲೆಂದೇ ಮಾಡಿದ, ಬಣ್ಣವಿಲ್ಲದ ಬೂದು ಪರದೆಯ ಅಗ್ಗದ ಸಾಮಾನು.

"ಅಮ್ಮಾ, ಅದ್ರಲ್ಲಿ ಬುಕ್ ಮಾತ್ರ ಬರೋದು. ಪಿಚ್ಚರ್ ಗಿಚ್ಚರ್ ಏನೂ ಬರಲ್ಲ. ಬ್ಯಾಟ್ರಿನೂ ಖತಮ್," ಎಂದ ಅಂಗಡಿಯವನು. ಗುಜರಿಯಲ್ಲೂ ಪ್ರಾಮಾಣಿಕರು ಇರುತ್ತಾರೆ.

"ಬರ್ಸೋದು ನನಗೆ ಬಿಡಪ್ಪ," ಎಂದಳು ಚಿಕ್ಕಮ್ಮ.

ಬರಿಸಿಯೂ ಬಿಟ್ಟಳು! ಯೂಟ್ಯೂಬ್ ಪಾಠ ನೋಡಿಕೊಂಡು, ಪುಸ್ತಕ ಬಿಟ್ಟು ಬೇರೇನೂ ಓಡದಂತೆ ಕಂಪನಿಯವರು ಒಳಗೆ ಹಾಕಿದ್ದ ಬೀಗ ಒಡೆದು, ಪೂರಾ ಟ್ಯಾಬ್ಲೆಟ್ಟನ್ನೇ ಮಾಡಿಟ್ಟಳು. ವಾಟ್ಸಾಪ್ ಬಂತು, ಧಾರಾವಾಹಿ ಬಂತು, ತರಕಾರಿ ತರಿಸುವ ಆ್ಯಪ್ ಬಂತು. ಬ್ಯಾಟರಿ ಸತ್ತಿದ್ದರಿಂದ ಸದಾ ಚಾರ್ಜರಿನ ವೈರು ಕಚ್ಚಿಕೊಂಡೇ ಇರಬೇಕು, ಅಷ್ಟೇ. ಯಂತ್ರ ಮಲಗಿದಾಗ ಪರದೆ ಮೇಲೆ ಗಡ್ಡದ ಮುದುಕನೊಬ್ಬನ ಚಿತ್ರ ಬರುತ್ತಿತ್ತು. ಅದನ್ನೂ ಕಿತ್ತು ಹಾಕಿದಳು.

"ಪಾಪ, ಯಾರೋ ದೊಡ್ಡ ಸಾಹಿತಿ ಇರ್ಬೇಕು ಚಿಕ್ಕಮ್ಮ."

"ಸಾಹಿತಿ ಆದ್ರೇನು? ಒಂಟಿ ಹೆಂಗಸಿನ ಮನೇಲಿ ಪರಗಂಡಸು ಯಾಕೆ ಕಣ್ಣು ಬಿಟ್ಕೊಂಡು ಕೂತಿರ್ಬೇಕು?"

ಆದರೆ ಆ ಪರದೆಗೊಂದು ಕೆಟ್ಟ ಗುಣ. ಅದಕ್ಕೆ ಮರೆಯುವುದು ಗೊತ್ತಿರಲಿಲ್ಲ. ಒಂದು ಚಿತ್ರ ಹೋಗಿ ಇನ್ನೊಂದು ಬಂದರೂ ಮೊದಲನೆಯದರ ನೆರಳು ಹಿಂದೆ ತೆಳ್ಳಗೆ ಉಳಿಯುತ್ತಿತ್ತು. ಧಾರಾವಾಹಿಯಲ್ಲಿ ಸತ್ತ ಅತ್ತೆ ಮುಂದಿನ ದೃಶ್ಯದಲ್ಲೂ ಸೊಸೆಯ ಹೆಗಲ ಹಿಂದೆ ಬೂದಿ ಬಳಿದುಕೊಂಡು ನಿಂತಿದ್ದಳು. ಸೊಸೆ ನಗುತ್ತಿದ್ದಾಳೆ, ಅತ್ತೆ ನೋಡುತ್ತಿದ್ದಾಳೆ!

"ನಿಜವಾದ ಮನೆಗಳಲ್ಲೂ ಹಿಂಗೇ ಅಲ್ವೇನೇ," ಎಂದು ಚಿಕ್ಕಮ್ಮ ಅವರೆಕಾಯಿ ಬಿಡಿಸುತ್ತಾ ಕೂತಳು.

ಆಮೇಲೆ ಗೇಟಿಗೊಂದು ಕ್ಯಾಮೆರಾ ಹಾಕಿ ಅದನ್ನು ಈ ಯಂತ್ರಕ್ಕೆ ಜೋಡಿಸಿದಳು. ಕಳ್ಳಕಾಕರ ಭಯವಿರಬೇಕು ಅಂದುಕೊಂಡೆ.

"ಯಾರೋ ಬಂದ್ರು ಅಂತ ತಿಳ್ಸೋಕೆ ಬೆಲ್ ಇದೆ. ಹೋಗೋರನ್ನ ನೋಡೋಕೆ ಏನಿದೆ?" ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ಮನೆಗೆ ಬಂದವರು ಹೊರಟರೆ ಗೇಟಿನವರೆಗೂ ಇಳಿದು, ಅವರು ಬೀದಿಯ ತಿರುವು ದಾಟುವ ತನಕ ನಿಂತು ನೋಡುವುದು ಚಿಕ್ಕಮ್ಮನ ಪದ್ಧತಿ. ಹೊರಟವರ ಬೆನ್ನಿಗೇ ಬಾಗಿಲು ಹಾಕುವುದು ಅವಳ ಲೆಕ್ಕದಲ್ಲಿ ಮಹಾಪಾಪ. ಮಂಡಿ ಕೈಕೊಟ್ಟು ಮೆಟ್ಟಿಲಿಳಿಯುವುದು ನಿಂತ ಮೇಲೆ ಧಾರಾವಾಹಿಗೆ ರಜೆ ಸಿಕ್ಕಿ, ಅವಳ ಕೆಲಸ ಈ ಪರದೆಯ ಪಾಲಿಗೆ ಬಂತು. ಪರದೆಯೋ ಆಮೆ; ನಡೆಯುವ ಮನುಷ್ಯನನ್ನು ಹಿಡಿಯಲಾರದು. ಅದಕ್ಕೇ ಗೇಟಿನಲ್ಲಿ ಯಾರಾದರೂ ನಿಂತರೆ ಮಾತ್ರ ಚಿತ್ರ ಬದಲಾಗುವಂತೆ ಮಾಡಿದಳು. ಮುಂದಿನವರು ಬಂದು ನಿಲ್ಲುವ ತನಕ ಹಿಂದಿನವರು ಅಲ್ಲೇ!

ಹಾಗಾಗಿ ಹೊರಟವರೆಲ್ಲ ಗೇಟಿನಾಚೆ ಹಿಂದಕ್ಕೆ ತಿರುಗಿ, ಮುಖ ಎತ್ತಿ, ಕೈ ಎತ್ತಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅಲುಗದೆ ನಿಲ್ಲಬೇಕು. ನೆಂಟರಷ್ಟೇ ಅಲ್ಲ. ಹಾಲಿನವನು, ಕೊರಿಯರಿನವನು, ಮೀಟರ್ ಓದುವವನು, ಯಾರಿಗೂ ವಿನಾಯಿತಿ ಇಲ್ಲ. ನಡುಹಗಲಿನ ಖಾಲಿ ಬೀದಿಯಲ್ಲಿ ಒಬ್ಬ ಮನುಷ್ಯ ಯಾರೂ ಇಲ್ಲದ ಗೋಡೆಗೆ ಕೈ ಎತ್ತಿ ಕಲ್ಲಾಗಿ ನಿಂತಿರುವುದನ್ನು ಊಹಿಸಿಕೊಳ್ಳಿ! ಆ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ರಸ್ತೆಯ ಆ ಬದಿಯಲ್ಲಿ ನಡೆಯುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. 'ನಿಮ್ಮಲ್ಲೂ ಹೋಯ್ತಾ' ಎಂದು ಕೇಳಲು ಕೆಳಗಿನ ಮನೆಯ ಮೇರಿ ಆಂಟಿ ಮೇಲೆ ಬಂದರು. ಫ್ಯಾನು ನಿಂತಿದೆ, ಫ್ರಿಜ್ಜು ನಿಂತಿದೆ, ಪರದೆಯಲ್ಲಿ ಮಾತ್ರ ಗ್ಯಾಸ್ ಸಿಲಿಂಡರಿನವನು ಕೈ ಎತ್ತಿಕೊಂಡು ನಿಂತಿದ್ದಾನೆ. ಆಂಟಿ ಕಿಟಕಿಯಿಂದ ಬಗ್ಗಿ ನೋಡಿದರು. ಗೇಟು ಖಾಲಿ.

"ಯೇಸಪ್ಪಾ! ಕರೆಂಟೂ ಇಲ್ಲ, ಆಳೂ ಇಲ್ಲ, ಆದ್ರೂ ನಿಂತವ್ನಲ್ಲಮ್ಮಾ!"

ಇಂಥ ಪರದೆಗೆ ಚಿತ್ರ ಬದಲಿಸುವುದಕ್ಕೆ ಮಾತ್ರ ಕರೆಂಟು ಬೇಕು, ಹಿಡಿದುಕೊಂಡಿರುವುದಕ್ಕೆ ಬೇಡ. ಅದನ್ನೆಲ್ಲ ಬಿಡಿಸಿ ಹೇಳುವ ಗೋಜಿಗೆ ಚಿಕ್ಕಮ್ಮ ಹೋಗಲಿಲ್ಲ. "ಕರೆಂಟ್ ಬಂದ್ರೆ ಹೋಗ್ತಾನೆ ಬಿಡು ಮೇರಿ. ಕೂತ್ಕೋ, ಕಾಫಿ ಕುಡಿ," ಎಂದಳು. ಮೇರಿ ಆಂಟಿ ಕಾಫಿ ಕುಡಿದರು, ಆದರೆ ಗೋಡೆ ಕಡೆ ತಿರುಗಿಕೊಂಡು.

ಇದನ್ನು ಹೇಳಿಕೊಂಡು ನಾನು ವಾರಗಟ್ಟಲೆ ನಕ್ಕೆ, ನನ್ನ ಸರದಿ ಬರುವ ತನಕ. ಒಂದು ಸಂಜೆ ಹೊರಟು, ಗೇಟಿನಲ್ಲಿ ಶಾಸ್ತ್ರೋಕ್ತವಾಗಿ ಉಸಿರೆಳೆದು ನಿಂತು, ತಿರುವಿನವರೆಗೆ ಹೋದವಳಿಗೆ ಛತ್ರಿ ನೆನಪಾಯಿತು. ವಾಪಸು ಬಂದು ಮೆಲ್ಲಗೆ ಒಳಗೆ ಕಾಲಿಟ್ಟೆ. ಚಿಕ್ಕಮ್ಮ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಅವಳೆದುರು ಪರದೆಯಲ್ಲಿ ನಾನು. ಬೂದು ಮುಖ, ಎತ್ತಿದ ಕೈ. ಚಿಕ್ಕಮ್ಮ ಆ ನನ್ನ ಜೊತೆ ಮಾತಾಡುತ್ತಿದ್ದಳು.

"ನಿಧಾನವಾಗಿ ಹೋಗು ಪುಟ್ಟಿ. ಮಾರತ್ತಹಳ್ಳಿ ಬ್ರಿಡ್ಜ್ ಹತ್ರ ರಸ್ತೆ ದಾಟೋವಾಗ ಫೋನ್ ನೋಡ್ಬೇಡ."

ಹೋದವಳು ಯಾರು, ಇಲ್ಲಿ ನಿಂತವಳು ಯಾರು ಎಂದು ನನಗೇ ಅನುಮಾನ ಬಂತು! ಮೆಲ್ಲಗೆ ನನ್ನ ಕೈಯನ್ನೇ ಚಿವುಟಿಕೊಂಡೆ.

"ಚಿಕ್ಕಮ್ಮ, ನಾನಿಲ್ಲಿದೀನಿ."

ಅವಳು ತಿರುಗಿ ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಕಳ್ಳಾಟದಲ್ಲಿ ಸಿಕ್ಕಿಬಿದ್ದ ಮಗುವಿನ ಮುಖ ಮಾಡಿದಳು.

"ಎಲ್ಲರ ಜೊತೇನೂ ಹಿಂಗೆ ಮಾತಾಡ್ತೀಯಾ?" ಎಂದೆ.

ಅವಳು ಸೀರೆಯ ಸೆರಗು ತಿರುವುತ್ತಾ ಹೇಳಿದಳು. "ನಿಮ್ಮ ಚಿಕ್ಕಪ್ಪ ಅವತ್ತು ಕೊತ್ತಂಬರಿ ತರ್ತೀನಿ ಅಂತ ಹೊರಟ್ರು. 'ಬರ್ತೀನಿ ಕಣೇ' ಅಂದ್ರು. ನಾನು ಅಡುಗೆಮನೆಯಿಂದ್ಲೇ 'ಹೂಂ' ಅಂದೆ. ಒಗ್ಗರಣೆ ಸೀದ್ಹೋಗುತ್ತೆ ಅಂತ ತಿರುಗಿ ಕೂಡ ನೋಡ್ಲಿಲ್ಲ. ಮಾರ್ಕೆಟ್ಟಲ್ಲೇ ಕುಸಿದು ಬಿದ್ರಂತೆ. ಯಾವ ಶರ್ಟ್ ಹಾಕ್ಕೊಂಡು ಹೋಗಿದ್ರು ಅಂತಾನೂ ಆಸ್ಪತ್ರೆಗೆ ಹೋದ್ಮೇಲೆ ಗೊತ್ತಾಗಿದ್ದು. ಮನೆಯಿಂದ ಹೋಗೋರನ್ನ ಯಾರಾದ್ರೂ ಒಬ್ರು ನೋಡ್ಬೇಕು ಕಣೇ. ಅಷ್ಟೇ."

ಛತ್ರಿ ತೆಗೆದುಕೊಂಡು ಹೊರಟೆ. ಅವತ್ತು ಗೇಟಿನಲ್ಲಿ ಎರಡು ಉಸಿರು ನಿಂತೆ.

ಹೋದ ವರ್ಷ ಚಿಕ್ಕಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಬೇಕೆಂದರು. ಹೊರಡುವ ದಿನ ಆಟೋ ಬಂತು. ಮೇರಿ ಆಂಟಿಯ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾ, "ಗ್ಯಾಸ್ ಆಫ್ ಮಾಡಿ, ಪ್ಲಗ್ಗೆಲ್ಲ ಕಿತ್ತು, ಬೀಗ ಹಾಕ್ಕೊಂಡು ಬಾ. ನಾನು ಬರ್ತೀನಿ," ಎಂದಳು. ನಾನು ಅಡುಗೆಮನೆಯಿಂದಲೇ "ಹೂಂ" ಎಂದೆ. ಗ್ಯಾಸ್ ನೋಡಿ, ಕೈಗೆ ಸಿಕ್ಕಿದ ಪ್ಲಗ್ಗುಗಳನ್ನೆಲ್ಲ ಕಿತ್ತು, ಬೀಗ ಜಡಿದು ಕೆಳಗೆ ಓಡಿದೆ. ಅವಳಾಗಲೇ ಆಟೋದಲ್ಲಿ ಕೂತಿದ್ದಳು. "ಏನೇ ಇಷ್ಟು ಹೊತ್ತು!" ಎಂದು ಬೈದಳು.

ಅವಳು ವಾಪಸು ಬರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಮನೆಯ ಬೀಗ ತೆಗೆದೆ. ಮುಚ್ಚಿದ ಕಿಟಕಿ, ಮುಗ್ಗಲು ವಾಸನೆ. ಒಂದು ಪ್ಲಗ್ಗೂ ಗೋಡೆಯಲ್ಲಿಲ್ಲ. ಅವಳ ಕುರ್ಚಿಯೆದುರು, ಆ ಮಬ್ಬಿನಲ್ಲಿ, ಚಿಕ್ಕಮ್ಮ ನಿಂತಿದ್ದಳು! ತಡವರಿಸಿಕೊಂಡು ಹೋಗಿ ಕಿಟಕಿ ತೆರೆದೆ. ಬೆಳಕು ಬಿದ್ದದ್ದು ಪರದೆಯ ಮೇಲೆ.

ಆಮೇಲೆ ಅರ್ಥವಾಯಿತು. ಆಟೋ ಹತ್ತುವ ಮೊದಲು ಮೇರಿ ಆಂಟಿಯ ತೋಳು ಬಿಟ್ಟು, ಆ ನೋಯುವ ಮಂಡಿಯಲ್ಲೇ, ಗೇಟಿನಾಚೆ ತಿರುಗಿ ನಿಂತಿದ್ದಾಳೆ. ಮುಖ ಎತ್ತಿ, ಕೈ ಎತ್ತಿ, ಒಂದು ಉಸಿರಿನಷ್ಟು ಹೊತ್ತು. ನೋಡಬೇಕಾಗಿದ್ದವಳು ನಾನು, ನಾನು ಗ್ಯಾಸಿನ ಹತ್ತಿರ ಇದ್ದೆ. ಅವಳು ಜೋಡಿಸಿಟ್ಟ ಯಂತ್ರ ನನ್ನ ಬದಲು ನೋಡಿತ್ತು. ನಾನು ಪ್ಲಗ್ಗು ಕಿತ್ತ ಮೇಲೂ ಹಿಡಿದುಕೊಂಡೇ ಇತ್ತು. ಅವಳ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಅತ್ತು ಮುಗಿದ ಮೇಲೆ, "ನಿಧಾನವಾಗಿ ಹೋಗು ಚಿಕ್ಕಮ್ಮ," ಎಂದೆ.

ಈಗ ಅದು ನಮ್ಮ ಮನೆಯ ಶೋಕೇಸಿನಲ್ಲಿದೆ. ಮೊನ್ನೆ ನನ್ನ ಗಂಡ ಎಲ್ಲಿಂದಲೋ ಅದಕ್ಕೆ ಸರಿಹೋಗುವ ಚಾರ್ಜರ್ ಹುಡುಕಿಕೊಂಡು ಬಂದರು.

"ಅಷ್ಟು ಚೆನ್ನಾಗಿರೋ ಟ್ಯಾಬ್ಲೆಟ್ ಸುಮ್ನೆ ಯಾಕೆ ಇಟ್ಟಿದೀಯ? ಚಾರ್ಜ್‌ಗೆ ಹಾಕ್ಲಾ? ಎಲ್ಲಾ ಬರುತ್ತೆ."

"ಬೇಡ ರೀ!" ಎಂದು ವೈರು ಕಸಿದುಕೊಂಡೆ. "ಕರೆಂಟ್ ಬಂದ್ರೆ ಚಿಕ್ಕಮ್ಮ ಹೋಗ್ಬಿಡ್ತಾಳೆ."